ಮೂಲೆಯ ಪರದೆ

ಮಧ್ಯ ಯುರೋಪಿನ ಸ್ಲೊವಾಕಿಯಾದ ಹಳ್ಳಿಗಳಲ್ಲಿ ಹಿಂದಿನ ಕಾಲದ ಬಡ ರೈತರ ಮನೆಯೆಂದರೆ ವಾಸಕ್ಕೆ ಬಹುಮಟ್ಟಿಗೆ ಒಂದೇ ಕೋಣೆ. ಊಟದ ಮೇಜು, ಹಾಸಿಗೆ, ತೊಟ್ಟಿಲು ಎಲ್ಲವೂ ಅಲ್ಲೇ. ಅತ್ತೆ, ಮಾವ, ಮೈದುನ, ಮಕ್ಕಳು ಎಲ್ಲರೂ ಅಲ್ಲೇ. ಇಂಥ ಮನೆಯಲ್ಲಿ ಸೊಸೆಗೆ ಹೆರಿಗೆಯಾದರೆ ಬಾಣಂತಿಗೆ ಪ್ರತ್ಯೇಕ ಕೋಣೆಯನ್ನು ಎಲ್ಲಿಂದ ತರುವುದು? ಆ ಜನ ಕಂಡುಕೊಂಡ ಉಪಾಯ ಒಂದು ಬಟ್ಟೆ. ಮೂಲೆಯಲ್ಲಿ ಅವಳ ಮಂಚವಿಟ್ಟು ಅದಕ್ಕೆ ಕಸೂತಿಯ ಪರದೆ ಇಳಿಬಿಡುತ್ತಿದ್ದರು. ಅದರ ಹೆಸರು ‘ಕೂತ್ನಾ ಪ್ಲಾಖ್ತಾ’. ಮೂಲೆಯ ಬಟ್ಟೆ ಎಂದರ್ಥ.

ಈ ಪರದೆ ಹೆಣ್ಣಿನೊಂದಿಗೆ ತವರಿನಿಂದ ಬರುತ್ತಿತ್ತು. ಉತ್ತರ ಕರ್ನಾಟಕದಲ್ಲಿ ಚಟ್ನಿಪುಡಿಗೆ ಹಾಕುವ ಅಗಸೆಯನ್ನು ಅಲ್ಲಿ ನಾರಿಗಾಗಿ ಬೆಳೆಯುತ್ತಿದ್ದರು. ಗಿಡವನ್ನು ಬೇರುಸಹಿತ ಕಿತ್ತು, ನೀರಿನಲ್ಲಿ ಕೊಳೆಹಾಕಿ, ಬಡಿದು ನಾರು ತೆಗೆಯುವುದು, ಚಳಿಗಾಲದ ರಾತ್ರಿಗಳಲ್ಲಿ ಹೆಂಗಸರು ಒಟ್ಟಿಗೆ ಕೂತು ನೂಲುವುದು, ಆಮೇಲೆ ನೇಯ್ಗೆ. ಕೈಮಗ್ಗದ ಬಟ್ಟೆಗೆ ಅಗಲ ಸಾಲದು. ಎರಡು ಮೂರು ಪಟ್ಟಿಗಳನ್ನು ಸೇರಿಸಿ ಹೊಲಿದು, ಆ ಜೋಡಣೆಯ ಜಾಗದಲ್ಲೇ ಕಸೂತಿ ಹಾಕುತ್ತಿದ್ದರು. ಕೆಂಪು ದಾರ ಕೆಟ್ಟ ದೃಷ್ಟಿಯನ್ನು ತಡೆಯುತ್ತದೆಂಬ ನಂಬಿಕೆ ಸ್ಲಾವ್ ಜನರಲ್ಲಿ ವ್ಯಾಪಕವಾಗಿತ್ತು.

ಪರದೆಯ ಹಿಂದೆ ಬಾಣಂತಿ ಇರಬೇಕಾದದ್ದು ಆರು ವಾರ. ಮಗುವಿನ ಧರ್ಮಮಾತೆಯಾದವಳು ಆ ಮೂಲೆಗೇ ಸಾರು, ತಿಂಡಿ ಹೊತ್ತು ತರುತ್ತಿದ್ದಳು. ತಾಯಿ ಎದ್ದು ಓಡಾಡಿದರೆ ಕಾಡಿನ ಮಾಯಾವಿ ಹೆಂಗಸರು ಬಂದು ಮಗುವನ್ನು ಅದಲುಬದಲು ಮಾಡುತ್ತಾರೆಂದು ಹೆದರಿಕೆ. ಅವಳು ನೀರು ಸೇದಿದರೆ ಬಾವಿ ಕೆಡುತ್ತದೆ ಎಂಬ ಮಾತೂ ಇತ್ತು. ಆರು ವಾರ ಕಳೆದು, ಚರ್ಚಿನಲ್ಲಿ ಪಾದ್ರಿಯ ಆಶೀರ್ವಾದ ಪಡೆದ ಮೇಲೆಯೇ ಅವಳು ಮತ್ತೆ ಎಲ್ಲರಂತೆ.

ಇದರಲ್ಲಿ ಅವಮಾನವಿಲ್ಲವೇ? ಖಂಡಿತ ಇದೆ. ಹೆತ್ತವಳನ್ನು ಮೈಲಿಗೆಯೆಂದು ಮೂಲೆಗೆ ಕೂರಿಸಿದ್ದು ನಿಜ. ಆದರೆ ಬಾವಿಗೆ ಹೋಗಬಾರದೆಂದರೆ ಬೇರೆ ಯಾರೋ ನೀರು ತರಲೇಬೇಕು. ಹೊಲಕ್ಕೆ ಇಳಿಯಬಾರದೆಂದರೆ ಕುಡುಗೋಲು ಬೇರೆಯವರ ಕೈಗೆ ಹೋಗಲೇಬೇಕು. ದಿನವಿಡೀ ದುಡಿಯುವ ಸೊಸೆಗೆ ‘ಸ್ವಲ್ಪ ಮಲಗಮ್ಮ’ ಎಂದು ಬಾಯಿಬಿಟ್ಟು ಹೇಳದ ಮನೆಯೂ ದೆವ್ವಕ್ಕೆ ಹೆದರಿ ಅವಳನ್ನು ಮಲಗಲು ಬಿಡುತ್ತಿತ್ತು. ಕಾನೂನು, ಹೆರಿಗೆ ರಜೆ ಏನೂ ಇಲ್ಲದ ಕಾಲದಲ್ಲಿ ಆ ಕೆಲಸವನ್ನು ಒಂದು ಬಟ್ಟೆ ಮಾಡಿತು.

ಪರದೆಗೆ ಆಗದ ಕೆಲಸವೂ ಇತ್ತು. ಬಾಣಂತಿ ಜ್ವರವನ್ನು ಯಾವ ಕೆಂಪು ದಾರವೂ ತಡೆಯಲಿಲ್ಲ. 1847ರಲ್ಲಿ, ಆ ಸೀಮೆಯನ್ನೂ ಆಳುತ್ತಿದ್ದ ಹ್ಯಾಬ್ಸ್‌ಬರ್ಗ್ ದೊರೆಗಳ ರಾಜಧಾನಿ ವಿಯೆನ್ನಾದಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ವೈದ್ಯ, ಹೆರಿಗೆ ಮಾಡಿಸುವವರು ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆದರೆ ಸಾವು ಕಡಿಮೆಯಾಗುತ್ತದೆಂದು ತೋರಿಸಿಕೊಟ್ಟ. ಅಂದು ಅವನ ಮಾತಿಗೆ ಕಿವಿಗೊಟ್ಟವರು ಕಡಿಮೆ. ಇಂದು ಅದು ಶಾಲೆಯ ಮಕ್ಕಳಿಗೂ ಗೊತ್ತಿರುವ ಪಾಠ.

ಈಗ ಇಂಥ ಪರದೆಗಳನ್ನು ನೋಡಲು ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಪದ ಮಾತ್ರ ಉಳಿದಿದೆ. ಪಕ್ಕದ ಜೆಕ್ ದೇಶದ ವೈದ್ಯರು ಇಂದಿಗೂ ಬಾಣಂತನವನ್ನು ‘ಶೆಸ್ತಿನೆದೆಲಿ’, ಅಂದರೆ ಆರು ವಾರ ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಹೆರಿಗೆಯ ನಂತರದ ಆರೈಕೆಗೆ ಲೆಕ್ಕ ಹಾಕುವುದೂ ಆರೇ ವಾರ. ಹೆದರಿಕೆ ಹೋದದ್ದು ಒಳ್ಳೆಯದಾಯಿತು. ಆದರೆ ಹೆದರಿಕೆಯಿಂದ ಸಿಗುತ್ತಿದ್ದ ವಿಶ್ರಾಂತಿಯನ್ನು ಇನ್ನು ಮುಂದೆ ಮನೆಯವರು ತಾವಾಗಿಯೇ ಕೊಡಬೇಕು. ನೀರಿನ ಕೊಡ ಎತ್ತಲು ಗಂಡನಿಗೂ, ಬೆಳೆದ ಮಕ್ಕಳಿಗೂ ದೆವ್ವದ ಕಾಟವೇ ಬೇಕೆಂದೇನಿಲ್ಲ.