ಬಸ್ಸಿನಲ್ಲಿ ಹೋದ ಬರಹ

14 ಮಾರ್ಚ್ 2001, ಬುಧವಾರ. ಚಿತ್ರದುರ್ಗ

ಕನ್ನಡ ಟೈಪ್ ಮಾಡುವ ‘ಬರಹ’ ತಂತ್ರಾಂಶದ ಹೊಸ ವರ್ಷನ್ ನಿನ್ನೆ ರಾತ್ರಿ ಪೂರ್ತಿ ಇಳಿಯಿತು. ಹನ್ನೊಂದರ ಮೇಲೆ ಕೂತವಳು, ಏಳುವಾಗ ಕೋಳಿ ಕೂಗುತ್ತಿತ್ತು ಅಂತ ಬರೆದರೆ ಉತ್ಪ್ರೇಕ್ಷೆ, ಒಂದೂವರೆ ಆಗಿತ್ತು. ಮೋಡೆಮ್ಮಿನ ಡಬ್ಬದ ಮೇಲೆ 33.6 ಕೆಬಿಪಿಎಸ್ ಅಂತಿದೆ. ಆ ಲೆಕ್ಕಕ್ಕೆ ಒಂದು ಫ್ಲಾಪಿಯಷ್ಟು, ಅಂದರೆ 1.44 ಎಂಬಿ, ಆರು ನಿಮಿಷಕ್ಕೆ ಬಂದುಬಿಡಬೇಕು. ಬರುವುದು ಸೆಕೆಂಡಿಗೆ ಒಂದು ಕೆಬಿ. ಇಪ್ಪತ್ತೈದು ನಿಮಿಷ ಅಂತ ಇಟ್ಟುಕೊಂಡರೆ ನಿರಾಸೆಯಿಲ್ಲ. ಫೋನ್ ಬಿಲ್ಲಿಗೆ ಮೂರು ನಿಮಿಷಕ್ಕೊಂದು ಕಾಲ್ ಬೀಳುತ್ತಲೇ ಇರುತ್ತದೆ. ಒಳಗೆ ಅತ್ತೆಯವರು ಪ್ಯಾರಲಲ್ ಫೋನ್ ಎತ್ತಿದರೆ ಲೈನು ಕಟ್ಟು. ಅವರಿಗೆ ಮಗಳ ಮನೆಯ ನೆನಪಾಗುವುದು ಹೊತ್ತಲ್ಲದ ಹೊತ್ತಿನಲ್ಲೇ. ಗೆಟ್‌ರೈಟ್ ಅನ್ನುವ ಪ್ರೋಗ್ರಾಮು ಇರುವುದರಿಂದ ಬಚಾವು. ಎಲ್ಲಿ ಕಡಿಯಿತೋ ಅಲ್ಲಿಂದಲೇ ಮತ್ತೆ ಹಿಡಿದುಕೊಳ್ಳುತ್ತದೆ.

ಬರಹ ಮಾಡಿದವರು ಶೇಷಾದ್ರಿವಾಸು, ಅಮೆರಿಕದಲ್ಲಿರುವ ಕನ್ನಡದ ಎಂಜಿನಿಯರ್. 1998ರಿಂದ ಯಾರನ್ನೂ ಕಾಸು ಕೇಳದೆ ಕೊಡುತ್ತಿದ್ದಾರೆ. ನಮ್ಮ ಡಿಟಿಪಿ ಅಂಗಡಿಗೆ ದುಡ್ಡು ಕೊಟ್ಟು ತಂದ ಕನ್ನಡ ಪ್ಯಾಕೇಜಿಗೆ ಕಂಪ್ಯೂಟರಿನ ಹಿಂದೆ ಪ್ರಿಂಟರ್ ಪೋರ್ಟಿಗೆ ಒಂದು ಲಾಕ್ ಚುಚ್ಚಬೇಕು. ಲಾಕ್ ಒಂದೇ, ಕಂಪ್ಯೂಟರ್ ಎರಡು. ಲಗ್ನಪತ್ರಿಕೆ ಸೀಸನ್ನಿನಲ್ಲಿ ಕೆಲಸದ ಹುಡುಗಿಯರು ಅದನ್ನು ಕಿತ್ತು ಕಿತ್ತು ಹಾಕಿ ಪಿನ್ನು ಬಗ್ಗಿಸಿದ್ದಾರೆ.

ನನ್ನ ಬೆರಳಿಗೆ ಬರಹ ಇನ್ನೂ ಒಗ್ಗಿಲ್ಲ. ಕಲಿತದ್ದು ಅನಂತ ಸುಬ್ಬರಾವ್ ಅವರ ಟೈಪ್‌ರೈಟರ್ ಕೀಲಿಮಣೆ. ಇಲ್ಲಿ ಸಣ್ಣ ಡಿ ಒತ್ತಿದರೆ ದ, ಕ್ಯಾಪಿಟಲ್ ಡಿ ಒತ್ತಿದರೆ ಡ. ಹುಡುಗಿಯರು ಮಾತ್ರ ಮಧ್ಯಾಹ್ನದೊಳಗೆ ಕಲಿತುಬಿಟ್ಟರು.

22 ಏಪ್ರಿಲ್ 2001, ಭಾನುವಾರ. ಹೊಸದುರ್ಗ

ತಂಗಿಯ ಮನೆಗೆ ಬಂದೆ. ಅವಳ ಮೈದುನನ ಅಂಗಡಿಗೆ ಬರಹ ಹಾಕಿಕೊಟ್ಟದ್ದೂ ಆಯಿತು. ತೆಂಗಿನಕಾಯಿ ಮಂಡಿಯವರ ಬಿಲ್ ಬುಕ್ಕು, ಜಾತ್ರೆಯ ಕರಪತ್ರ, ಎಲ್ಲ ಅವನಲ್ಲೇ. ಫೋನಿದೆ, ಇಂಟರ್‌ನೆಟ್ ಇಲ್ಲ. ಕಳೆದ ವಾರವೇ ಪ್ರೈವೇಟ್ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಫ್ಲಾಪಿಗಳನ್ನು ಕಳಿಸಿದ್ದೆ. “ಮ್ಯಾಗ್ನೆಟ್ ಹತ್ರ ಇಡಬೇಡಿ, ಎಂಜಿನ್ ಮೇಲೆ ಇಡಬೇಡಿ” ಅಂದರೆ, “ಮಲ್ಲಿಗೆ ಹೂವಿನ ಬುಟ್ಟಿ ತಗಂಡು ಹೋದಂಗೆ ತಗಂಡು ಹೋಕೀನಿ ಬಿಡ್ರಕ್ಕಾ” ಅಂದಿದ್ದ. ಹಾಗೇ ತಂದುಕೊಟ್ಟನಂತೆ. ಆದರೂ ಒಂದು ಫ್ಲಾಪಿ ಓದಲಿಲ್ಲ. ಒಂದೇ ಫ್ಲಾಪಿಗೆ ಹಿಡಿಸದ ಫೈಲನ್ನು ತುಂಡು ಮಾಡಿ ಕಳಿಸುವುದರ ಕಷ್ಟವೇ ಇದು. ಒಂದು ತುಂಡು ಕೆಟ್ಟರೆ ಉಳಿದವೂ ದಂಡ. ಆದ್ದರಿಂದ ಈ ಸಲ ಪ್ರತಿ ತುಂಡನ್ನೂ ಎರಡೆರಡು ಫ್ಲಾಪಿಗೆ ಹಾಕಿಕೊಂಡು ಬಂದೆ.

ಮೈದುನನಿಗೆ ಒಂದು ಮಾತು ಹೇಳಿದೆ: ಹೊಸದುರ್ಗದಲ್ಲಿ ಇನ್ಯಾರಾದರೂ ಕೇಳಿದರೆ ದುರ್ಗಕ್ಕೆ ಕಳಿಸಬೇಡ, ನೀನೇ ಕಾಪಿ ಮಾಡಿಕೊಡು. “ಪಕ್ಕದ ಅಂಗಡಿಯವನಿಗೂನಾ ಅಕ್ಕಾ?” ಅಂದ. ಅವನಿಗೂ.

8 ಮೇ 2001, ಮಂಗಳವಾರ. ಚಿತ್ರದುರ್ಗ

ಸಂಜೆಯ ಮಳೆಗೆ ಮೊದಲೇ ಸಿಡಿಲು ಬಂತು. ಮೋಡೆಮ್ ಸತ್ತಿದೆ. ಫೋನಿಗೇನೂ ಆಗಿಲ್ಲ. ಹೀಗೆ ಯಾಕಾಗುತ್ತದೋ, ಸಿಡಿಲಿಗೂ ಬೆಲೆಬಾಳುವುದರ ಮೇಲೇ ಕಣ್ಣು.

ತಮ್ಮ ಬೆಂಗಳೂರಿನಿಂದ ಬಂದಿದ್ದಾನೆ. ಊಟವಾದ ಮೇಲೆ ಕತ್ತಲಲ್ಲಿ ಕೂತು (ಕರೆಂಟೂ ಇರಲಿಲ್ಲ) ಹಳೇ ಕಥೆ ಹೇಳಿದ. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಇಂಟರ್‌ನೆಟ್ ಶುರುಮಾಡಿದಾಗ ಡಯಲ್ ಮಾಡಿದವರಿಗೆ ಸಿಗುತ್ತಿದ್ದದ್ದು 9.6 ಕೆಬಿಪಿಎಸ್. ಚಿತ್ರಗಿತ್ರ ಕಾಣುವ ಅಕೌಂಟಿಗೆ ವರ್ಷಕ್ಕೆ ಹದಿನೈದು ಸಾವಿರ. ಅವನಂಥವರಿಗೆ ಬರೀ ಅಕ್ಷರ ಕಾಣುವ ಶೆಲ್ ಅಕೌಂಟು. ಅದರಲ್ಲಿ ಫೈಲು ಬೇಕೆಂದರೆ ಕೆಲವರು ಇ-ಮೇಲಿನಲ್ಲೇ ತರಿಸಿಕೊಳ್ಳುತ್ತಿದ್ದರಂತೆ. ಇಂಥ ಫೈಲು ಅಂತ ಒಂದು ವಿಳಾಸಕ್ಕೆ ಬರೆದರೆ, ಆ ಕಡೆಯ ಯಂತ್ರ ಅದನ್ನು ಅಕ್ಷರಗಳಾಗಿ ಮಾರ್ಪಡಿಸಿ, ತುಂಡು ತುಂಡು ಪತ್ರವಾಗಿ ಕಳಿಸುವುದು. ಎಲ್ಲ ಬಂದಮೇಲೆ ಜೋಡಿಸಿಕೊಳ್ಳಬೇಕು. “ಒಂದು ಪತ್ರ ಬರದಿದ್ರೆ?” ಅಂದೆ. “ನಿನ್ನ ಕೆಟ್ಟ ಫ್ಲಾಪಿ ಗತಿಯೇ ಅಕ್ಕಾ” ಅಂದ.

ಅದಕ್ಕೂ ಹಿಂದಿನದು ಅಮೆರಿಕದ್ದು. 1978ರ ಫೆಬ್ರುವರಿಯಲ್ಲಿ ಷಿಕಾಗೋದಲ್ಲಿ ವಾರ್ಡ್ ಕ್ರಿಸ್ಟೆನ್ಸನ್, ರ್‍ಯಾಂಡಿ ಸ್ಯೂಸ್ ಅನ್ನುವ ಇಬ್ಬರು ಒಂದು ಕಂಪ್ಯೂಟರನ್ನು ಫೋನಿಗೆ ಕಟ್ಟಿ, ಯಾರು ಬೇಕಾದರೂ ಡಯಲ್ ಮಾಡಿ ಬರೆದು ಹೋಗುವ ಬುಲೆಟಿನ್ ಬೋರ್ಡ್ ನಡೆಸಿದರು. ಒಂದು ಸಲಕ್ಕೆ ಒಬ್ಬರೇ. ಉಳಿದವರಿಗೆ ಎಂಗೇಜ್ ಟೋನು. ಕೆಟ್ಟ ಲೈನಿನಲ್ಲೂ ಫೈಲು ಕೆಡದೆ ಹೋಗಲೆಂದು ಕ್ರಿಸ್ಟೆನ್ಸನ್ ಮೊದಲೇ ಒಂದು ಕ್ರಮ ಮಾಡಿದ್ದರು, ಎಕ್ಸ್‌ಮೋಡೆಮ್ ಅಂತ. 128 ಬೈಟ್ ಕಳಿಸು, ಕೂಡಿ ತಾಳೆ ನೋಡು, ತಾಳೆಯಾಗದಿದ್ದರೆ ಅಷ್ಟನ್ನೇ ಮತ್ತೆ ಕಳಿಸು. ಕಡಿದಲ್ಲಿಂದ ಮತ್ತೆ ಶುರುಮಾಡುವ ಬುದ್ಧಿ ಬಂದದ್ದು 1986ರಲ್ಲಿ ಚಕ್ ಫೋರ್ಸ್‌ಬರ್ಗ್ ಮಾಡಿದ ಜ಼ೆಡ್‌ಮೋಡೆಮ್‌ನಲ್ಲಿ. ನನ್ನ ಗೆಟ್‌ರೈಟಿನ ಚಿಕ್ಕಪ್ಪ ಅನ್ನಬೇಕು. 1982ರಲ್ಲಿ ಆಂಡ್ರ್ಯೂ ಫ್ಲೂಗಲ್‌ಮನ್ ಎಂಬಾತ ಮೋಡೆಮ್ ನಡೆಸುವ ತನ್ನ ಪಿಸಿ-ಟಾಕ್ ಪ್ರೋಗ್ರಾಮನ್ನು ಹಂಚಿ, ಕಾಪಿ ಮಾಡಿ ಸ್ನೇಹಿತರಿಗೂ ಕೊಡಿ, ಇಷ್ಟವಾದರೆ 25 ಡಾಲರ್ ಕಳಿಸಿ ಅಂದನಂತೆ. ಜನ ಕಳಿಸಿದರಂತೆ ಕೂಡ! ನಮ್ಮ ಗಿರಾಕಿಗಳು ಪ್ರೂಫ್ ತಿದ್ದಿದ ಕಾಸೇ ಕೊಡುವುದಿಲ್ಲ.

ನನಗೆ ಹಿಡಿಸಿದ್ದು ಫಿಡೋನೆಟ್ ಕಥೆ. ಟಾಮ್ ಜೆನ್ನಿಂಗ್ಸ್ 1984ರಲ್ಲಿ ಶುರುಮಾಡಿದ್ದು. ಇಂಟರ್‌ನೆಟ್ಟೇ ಅಲ್ಲ ಅದು. ಹಗಲೆಲ್ಲ ಒಂದೊಂದು ಊರಿನ ಬೋರ್ಡು ತನ್ನ ಪಾಡಿಗೆ ಪತ್ರ, ಫೈಲು ಕೂಡಿಹಾಕಿಕೊಂಡಿರುವುದು. ರಾತ್ರಿ ದರ ಇಳಿದಾಗ ಪಕ್ಕದ ಊರಿಗೆ ಫೋನ್ ಮಾಡಿ ದಾಟಿಸುವುದು. ಆ ಊರು ಮುಂದಿನ ಊರಿಗೆ. ಒಬ್ಬರೂ ದೂರದ ಕಾಲ್ ಪೂರ್ತಿ ಹೊರುವುದಿಲ್ಲ. “ನೀನು ರಾತ್ರಿ ಇಳಿಸಿ ಬೆಳಿಗ್ಗೆ ಹೊಳಲ್ಕೆರೆ ಬಸ್ಸಿಗೆ ಹಾಕ್ತೀಯಲ್ಲ, ಅದೂ ಅದೇ ಅಕ್ಕಾ. ನಿನ್ನ ಮೋಡೆಮ್ಮಿಗೆ ಟಿಕೆಟ್ ತಗೋಬೇಕು ಅಷ್ಟೆ” ಅಂದ. ನಗುಬಂತು. ಆದರೆ ಯೋಚಿಸಿದರೆ ನಿಜ. ಅಮೆರಿಕದಿಂದ ದುರ್ಗಕ್ಕೆ ಬರುವುದು ತಂತಿಯ ಮೇಲೆ, ಒಂದೇ ಒಂದು ಸಲ. ಅಲ್ಲಿಂದ ತಾಲ್ಲೂಕುಗಳಿಗೆ ಹೋಗುವುದೆಲ್ಲ ಕೈಯಿಂದ ಕೈಗೆ. ಕೊನೆಯ ನಲವತ್ತು ಕಿಲೋಮೀಟರನ್ನು ಯಾವ ಕಂಪನಿಯೂ ಹಾಕಿಕೊಟ್ಟಿದ್ದಲ್ಲ.

17 ಜೂನ್ 2001, ಭಾನುವಾರ. ಹೊಳಲ್ಕೆರೆ

ಸಂಸ್ಕೃತದ ಮೇಷ್ಟ್ರು ಬಹಳ ದಿನದಿಂದ ಕೇಳುತ್ತಿದ್ದ ‘ಗಣಕಾಷ್ಟಾಧ್ಯಾಯಿ’ಯನ್ನು ಅವರ ಕಂಪ್ಯೂಟರಿಗೆ ಹಾಕಿಕೊಟ್ಟೆ. ಪಾಣಿನಿಯ ಸೂತ್ರಗಳು, ಹತ್ತಿರ ಹತ್ತಿರ ನಾಲ್ಕು ಸಾವಿರ, ಎಲ್ಲ ಅದರಲ್ಲಿದೆ. ಬೇಕಾದ ಸೂತ್ರ ಹುಡುಕಿ ತೆಗೆಯಬಹುದು. ಮಾಡಿದವರು ಸಿರಿಗೆರೆಯ ತರಳಬಾಳು ಜಗದ್ಗುರು ಶಿವಮೂರ್ತಿ ಶಿವಾಚಾರ್ಯ ಸ್ವಾಮೀಜಿ. ಮಠದ ವೆಬ್‌ಸೈಟಿನಲ್ಲಿ ಕಾಸಿಲ್ಲದೆ ಇಳಿಸಿಕೊಳ್ಳಬಹುದು.

ಇದರ ತಮಾಷೆ ಮೇಷ್ಟ್ರಿಗೇ ಮೊದಲು ಹೊಳೆದದ್ದು. ಸಿರಿಗೆರೆ ಇಲ್ಲಿಂದ ಕೂಗಳತೆ ದೂರವಲ್ಲದಿದ್ದರೂ ಒಂದು ಬಸ್ಸಿನ ದಾರಿ. ಅಲ್ಲಿ ಹುಟ್ಟಿದ ಪ್ರೋಗ್ರಾಮು ದೇಶ ಸುತ್ತಿ, ನನ್ನ ಫೋನಿನ ತಂತಿಯಲ್ಲಿ ದುರ್ಗಕ್ಕಿಳಿದು, ವ್ಯಾನಿಟಿ ಬ್ಯಾಗಿನಲ್ಲಿ ಹೊಳಲ್ಕೆರೆಗೆ ಬಂದಿದೆ. “ಸೈಕಲ್ಲಲ್ಲಿ ಹೋಗಿ ತರಬಹುದಿತ್ತಲ್ಲಮ್ಮಾ!” ಅಂದರು. ಆಮೇಲೆ ಕನ್ನಡಕ ಒರೆಸಿಕೊಂಡು ಸೂತ್ರ ಹುಡುಕಲು ಕೂತವರು ನಾನು ಹೊರಟದ್ದನ್ನೂ ನೋಡಲಿಲ್ಲ. ಅವರ ಮನೆಯವರು ಕೊಟ್ಟ ಹಲಸಿನ ತೊಳೆ ಚೆನ್ನಾಗಿತ್ತು.

22 ಆಗಸ್ಟ್ 2001, ಬುಧವಾರ. ಚಿತ್ರದುರ್ಗ

ಗಣೇಶನ ಹಬ್ಬ. ವಾರದಿಂದ ಚಂದಾ ರಸೀದಿ ಪುಸ್ತಕಗಳು, ಬೇರೆ ಉಸಿರಿಲ್ಲ.

ಹಿರಿಯೂರಿನಲ್ಲಿ ನಮ್ಮಂಥದೇ ಅಂಗಡಿ ಇಟ್ಟಿರುವ ಹುಡುಗ ಫ್ಲಾಪಿಯಲ್ಲಿ ಮ್ಯಾಟರ್ ಕಳಿಸಿದ್ದ. ನಮ್ಮ ಹಳೇ ಪ್ಯಾಕೇಜಿನಲ್ಲಿ ತೆರೆದರೆ ‘ವಿಘ್ನೇಶ್ವರ’ನ ಜಾಗದಲ್ಲಿ ಆಶ್ಚರ್ಯಸೂಚಕ, ಡಾಲರ್, ಬಾಲವಿರುವ ಯು. ಒಬ್ಬೊಬ್ಬರ ಫಾಂಟಿನಲ್ಲಿ ಕನ್ನಡದ ಅಕ್ಷರಕ್ಕೆ ಒಂದೊಂದು ನಂಬರು. ಒಬ್ಬರದು ಇನ್ನೊಬ್ಬರಿಗೆ ತಾಳೆಯಾಗುವುದಿಲ್ಲ. ಎಲ್ಲರೂ ಬರಹ ಇಟ್ಟುಕೊಂಡರೆ ಈ ರಗಳೆ ಇರುವುದಿಲ್ಲ, ಅದನ್ನೇ ಎಲ್ಲರಿಗೂ ಹಂಚುತ್ತಿರುವುದಕ್ಕೆ ಇದೂ ಒಂದು ಕಾರಣ. ಪರೋಪಕಾರ ಅಂತ ಯಾರಾದರೂ ಹೊಗಳಿದರೆ ಸುಮ್ಮನಿರುತ್ತೇನೆ, ಆದರೆ ಅರ್ಧ ಸ್ವಾರ್ಥವೇ.

9 ಫೆಬ್ರುವರಿ 2002, ಶನಿವಾರ. ಚಿತ್ರದುರ್ಗ

ಬಸ್‌ಸ್ಟ್ಯಾಂಡ್ ಕಡೆಯ ಒಂದು ಅಂಗಡಿಯಲ್ಲಿ ಬರಹವನ್ನು ಮುನ್ನೂರು ರೂಪಾಯಿಗೆ ಮಾರುತ್ತಿದ್ದಾರೆ ಅಂತ ಗಿರಾಕಿಯೊಬ್ಬರು ನಿನ್ನೆ ಹೇಳಿದರು. ಅವರೂ ಕೊಂಡಿದ್ದಾರೆ. ನನಗೆ ಸಿಟ್ಟು ನೆತ್ತಿಗೇರಿತು. ರಾತ್ರಿ ತಮ್ಮನಿಗೆ ಫೋನ್ ಮಾಡಿ ಕೂಗಾಡಿದೆ.

ಅವನು ತಣ್ಣಗೆ, ರಿಚರ್ಡ್ ಸ್ಟಾಲ್‌ಮನ್ ಕೂಡ ಮಾರುತ್ತಿದ್ದರು ಅಂದ. 1985ರಲ್ಲಿ ಗ್ನು ಈಮ್ಯಾಕ್ಸ್ ಎಂಬ ತಮ್ಮ ಪ್ರೋಗ್ರಾಮನ್ನು ಎಂಐಟಿಯ ಕಂಪ್ಯೂಟರಿನಲ್ಲಿ ಯಾರು ಬೇಕಾದರೂ ಇಳಿಸಿಕೊಳ್ಳಿ ಅಂತ ಇಟ್ಟಿದ್ದರು. ಆದರೆ ಆಗ ನೆಟ್‌ವರ್ಕ್ ಇದ್ದವರೆಷ್ಟು ಜನ? ಇಲ್ಲದವರಿಗೆ ಟೇಪಿಗೆ ತುಂಬಿ ಅಂಚೆಯಲ್ಲಿ ಕಳಿಸುತ್ತಿದ್ದರು, 150 ಡಾಲರಿಗೆ. ಅವರ ಗ್ನು ಲೈಸೆನ್ಸಿನಲ್ಲಿ ದುಡ್ಡು ತೆಗೆದುಕೊಳ್ಳುವುದು ತಪ್ಪಲ್ಲ. ಕೊಂಡವನು ಇನ್ನೊಬ್ಬರಿಗೆ ಕೊಡುವುದನ್ನು ತಡೆಯಬಾರದು, ಸೋರ್ಸ್ ಕೋಡನ್ನು ಬಚ್ಚಿಡಬಾರದು, ಅಷ್ಟೆ. ಬರಹದ ಸೋರ್ಸ್ ಕೋಡು ಕೈಗೆ ಸಿಗುವುದಿಲ್ಲವಲ್ಲ, ಅದು ಬೀಜವಿಲ್ಲದ ದ್ರಾಕ್ಷಿ, ತಿನ್ನಬಹುದು, ಬಿತ್ತೋಕಾಗಲ್ಲ ಅಂದ. ಶೇಷಾದ್ರಿವಾಸು ನಾಳೆ ಸಾಕೆಂದರೆ ಅಥವಾ ದುಡ್ಡು ಕೇಳಿದರೆ ನಾವು ಯಾರೂ ಮುಂದುವರಿಸುವ ಹಾಗಿಲ್ಲ. ಇದನ್ನು ನಾನು ಯೋಚಿಸಿರಲಿಲ್ಲ.

ಆದರೂ ಆ ಅಂಗಡಿಯವನನ್ನು ಒಪ್ಪಲಾರೆ. ಫ್ಲಾಪಿಯ ದುಡ್ಡು, ಫೋನಿನ ದುಡ್ಡು, ಕೂತ ಹೊತ್ತಿನ ಕೂಲಿ, ಇಷ್ಟೆಂದು ಹೇಳಿ ತೆಗೆದುಕೊಳ್ಳಲಿ. ಸ್ಟಾಲ್‌ಮನ್ ಟೇಪಿನ ಜೊತೆಗೆ, ಇದು ಬೇರೆ ಕಡೆ ಕಾಸಿಲ್ಲದೆ ಸಿಗುತ್ತದೆ ಅನ್ನುವುದನ್ನು ಮುಚ್ಚಿಡಲಿಲ್ಲ. ಇವನು ಮುಚ್ಚಿಡುತ್ತಾನೆ. ಬೆಳಿಗ್ಗೆ ನಮ್ಮ ಅಂಗಡಿ ಬಾಗಿಲಿಗೆ ಒಂದು ಹಾಳೆ ಅಂಟಿಸಿದೆ: ‘ಬರಹ ಕನ್ನಡ ತಂತ್ರಾಂಶ ಉಚಿತ. ಖಾಲಿ ಫ್ಲಾಪಿ ನೀವೇ ತನ್ನಿ.’ ಬರಹದಲ್ಲೇ ಟೈಪ್ ಮಾಡಿದ್ದು.

ತಮ್ಮ ಕಳಿಸಿದ ಪಿಸಿ ಕ್ವೆಸ್ಟ್ ಪತ್ರಿಕೆಯ ಲಿನಕ್ಸ್ ಸಿಡಿಯೂ ಇದೆ. ಆ ಪತ್ರಿಕೆ 1996ರಿಂದ ಇಂಥ ಸಿಡಿ ಹಂಚುತ್ತಿದೆಯಂತೆ. ಇದಿಷ್ಟನ್ನೂ ಡಯಲ್ ಮಾಡಿ ಇಳಿಸುವುದಾದರೆ, ಸೆಕೆಂಡಿಗೆ ಒಂದು ಕೆಬಿ ಲೆಕ್ಕದಲ್ಲಿ, 650 ಎಂಬಿಗೆ ಹಗಲೂ ರಾತ್ರಿ ಸೇರಿ ಒಂದು ವಾರದ ಮೇಲೆ ಬೇಕು. ಅತ್ತೆಯವರು ಅಷ್ಟು ದಿನ ಫೋನ್ ಮುಟ್ಟದೆ ಇರಬೇಕು. ಹಳೇ ಕಂಪ್ಯೂಟರಿಗೆ ಹಾಕಿ ನೋಡಿದೆ. ಬೀಜವಿದೆ, ಕನ್ನಡ ಕಾಣಲಿಲ್ಲ. ಸದ್ಯಕ್ಕೆ ಲಗ್ನಪತ್ರಿಕೆ ಅದರಲ್ಲಾಗುವುದಿಲ್ಲ.

20 ಏಪ್ರಿಲ್ 2003, ಭಾನುವಾರ. ಹಿರಿಯೂರು

ಮದುವೆಗೆ ಬಂದವಳು ಹಿರಿಯೂರಿನ ಹುಡುಗನ ಅಂಗಡಿಗೂ ಹೋದೆ. ಈಗ ಅವನನ್ನು ಹುಡುಗ ಅನ್ನುವ ಹಾಗಿಲ್ಲ. ಮೂರು ಕಂಪ್ಯೂಟರ್, ಒಂದು ಸಿಡಿ ರೈಟರ್. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಹಾಕಿಕೊಂಡಿದ್ದಾನೆ. ಇದೂ ಉಚಿತ; ಸರ್ಕಾರಿ ಕೆಲಸಕ್ಕೆ ಬರುವವರು ನುಡಿಯನ್ನೇ ಕೇಳುತ್ತಾರಂತೆ. ಕೀಲಿಮಣೆ ಕೆ.ಪಿ. ರಾವ್ ಅವರ ವಿನ್ಯಾಸ. ನನಗೆ ಇನ್ನೊಂದು ಸಲ ಬೆರಳು ತಿದ್ದುವ ಯೋಗ. ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಅಂತ ಯೂನಿಕೋಡ್ ಫಾಂಟೇ ಬಂದಿದೆ, ಯಾರ ಕಂಪ್ಯೂಟರಿನಲ್ಲಾದರೂ ಅಕ್ಷರ ಅಕ್ಷರವಾಗಿಯೇ ಇರುತ್ತದೆ ಅಂತ ತೋರಿಸಿದ. ಪೇಜ್‌ಮೇಕರಿನಲ್ಲಿ ಮಾತ್ರ ಬರುವುದಿಲ್ಲ. ಅಂದರೆ ನಮ್ಮ ಕೆಲಸಕ್ಕೆ ಸದ್ಯಕ್ಕೆ ಬಾರದು.

  

ಹುಡುಗ ಒಂದು ನೋಟ್‌ಬುಕ್ ತೋರಿಸಿದ. ಯಾರಿಗೆ ಯಾವ ವರ್ಷನ್ ಕೊಟ್ಟಿದ್ದು, ಹೊಸದು ಬಂದಾಗ ಯಾರಿಗೆ ಹೇಳಬೇಕು ಅಂತ. ಧರ್ಮಪುರ, ಐಮಂಗಲ, ಆಚೆ ಶಿರಾದವರೆಗೂ ಹೆಸರುಗಳು. ನನಗೆ ಗೊತ್ತಿರುವವರು ಅದರಲ್ಲಿ ಒಬ್ಬರೂ ಇಲ್ಲ. ನನ್ನ ಹೆಸರನ್ನೂ ಬರೆದುಕೊಂಡಿದ್ದ: ‘ದುರ್ಗದ ಅಕ್ಕ. ನುಡಿ ಕೊಡಬೇಕು.’ ಸಿಡಿ ಕೊಟ್ಟು, ಗೀಟು ಹೊಡೆದ. ಇಪ್ಪತ್ತು ರೂಪಾಯಿ ಖಾಲಿ ಸಿಡಿಯದ್ದು ಅಂತ ಇಸ್ಕೊಂಡ.