ಅವ್ವನ ಒಂದೆಲಗ

ಹೆಬ್ಬಾಳದ ನಮ್ಮ ಬಾಡಿಗೆ ಮನೆಗೆ ಅಂಗಳವಿಲ್ಲ. ತಾರಸಿ ಮೇಲೆ ಹಳೆ ಪೇಂಟ್ ಡಬ್ಬ, ಸಿಮೆಂಟ್ ಚೀಲ. ಹೊಲವಿಲ್ಲದ ನಮಗೆ ಅದೇ ಹೊಲ.

ಅವ್ವನಿಗೆ ಒಂದೆಲಗದ ಚಟ್ನಿ ಬೇಕೆನಿಸಿತು. ನಾವು ಅಣ್ಣತಮ್ಮ ನರ್ಸರಿಗೆ ಹೋಗಿ ಕೇಳಿದೆವು. 'ಬ್ರಾಹ್ಮಿನಾ?' ಅಂದರು. ಒಂದೆಲಗಕ್ಕೆ ಹಾಗೂ ಅನ್ನುತ್ತಾರಲ್ಲ ಎಂದು ಹೂಂ ಅಂದು ಗಿಡ ತಂದೆವು. ಅವ್ವ ಎಲೆ ಮುಟ್ಟಿ ನಕ್ಕಳು. 'ಇದ್ಯಾವ್ದ್ರಪ್ಪಾ ತಂದಿದ್ದೀರಿ? ಒಂದೆಲಗ ಅಂದ್ರೆ ಒಂದು ಕಡ್ಡಿಗೆ ಒಂದೇ ಎಲೆ. ಇದ್ರಾಗೆ ಜೋಡಿ ಜೋಡಿ ಅವೆ.'

ವಾಪಸು ಹೋದರೆ ಅಂಗಡಿಯವನು ಚೀಟಿ ತೋರಿಸಿದ. 'ಬಾಕೋಪಾ ಮೊನ್ನಿಯೆರಿ ಅಂತ ಬರ್ದೈತಲ್ಲ, ಓದಕ್ಕೆ ಬರಲ್ವಾ?'

ಆ ಮಾತು ನಮಗೆ ಹೊಸದಲ್ಲ. ಸಂಸ್ಕೃತದ ಮುಂದೆ ನಮ್ಮ ಹಿರಿಯರು ಕೇಳಿದ್ದು, ಇಂಗ್ಲಿಷಿನ ಮುಂದೆ ನಾವು ಕೇಳಿದ್ದು. ಈಗ ಲ್ಯಾಟಿನ್ನಿನ ಸರದಿ.

ಹಟ ಹಿಡಿದು ಕಲಿತೆವು. ಇದೇನೂ ಮಂತ್ರವಲ್ಲ. 1753ರಲ್ಲಿ ಸ್ವೀಡನ್ನಿನ ಲಿನೇಯಸ್ ತನಗೆ ತಿಳಿದ ಗಿಡಗಳಿಗೆಲ್ಲ ಎರಡೆರಡು ಪದದ ಹೆಸರು ಬರೆದಿಟ್ಟ. ಮೊದಲ ಪದ ಕುಲದ್ದು, ಎರಡನೆಯದು ಆ ಕುಲದೊಳಗೆ ಅದರ ಗುರುತು. ಇಲ್ಲಿ ಕುಲದಲ್ಲಿ ಮೇಲು ಕೀಳಿಲ್ಲ. ಒಂದೆಲಗ ಸೆಂಟೆಲ್ಲಾ ಏಷಿಯಾಟಿಕಾ, ಅಂದರೆ ಏಷ್ಯಾದ್ದು. ನಮಗೆ ಕೊಟ್ಟದ್ದು ನೀರುಬ್ರಾಹ್ಮಿ. ಬ್ರಾಹ್ಮಿ ಎಂಬ ಒಂದು ಹೆಸರಿನಡಿ ಎರಡು ಗಿಡ ಕೂತಿವೆ. ಲ್ಯಾಟಿನ್ ಅವನ್ನು ಬಿಡಿಸಿ ಹೇಳುತ್ತದೆ.

ಬಿಡಿಸಿದಷ್ಟೂ ನಮ್ಮ ಕಡೆಯವರೇ ಸಿಕ್ಕರು. ನುಗ್ಗೆಯ ಮೊರಿಂಗಾ ಅಂದರೆ ತಮಿಳರ ಮುರುಂಗೈ. ಬೇವಿನ ಅಜಾಡಿರಾಕ್ಟಾ ಪಾರ್ಸಿಯ ಆಜಾದ್ ದರಖ್ತ್, ಸ್ವತಂತ್ರ ಮರ. ಮೊನ್ನಿಯೆರಿ ಮಾತ್ರ ಫ್ರಾನ್ಸಿನ ಅರಮನೆ ವೈದ್ಯ ಲೆ ಮೊನ್ನಿಯೆಯ ಹೆಸರು. ನಮ್ಮ ಮಗ್ಗುಲ ಮಲಬಾರಿನಲ್ಲೂ ಒಬ್ಬ ವೈದ್ಯನಿದ್ದ, ಈಳವರ ಇಟ್ಟಿ ಅಚ್ಯುತನ್. ಡಚ್ಚರು 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಅಚ್ಚು ಹಾಕಿದ 'ಹೊರ್ತುಸ್ ಮಲಬಾರಿಕುಸ್'ಗೆ ಗಿಡಗಳ ಗುಣ ಹೇಳಿಕೊಟ್ಟವನು. ಲಿನೇಯಸ್ ಆ ಪುಸ್ತಕ ಬಳಸಿದ. ಅಚ್ಯುತನ್‌ನ ತಿಳಿವು ಆವತ್ತೇ ಯೂರೋಪು ಮುಟ್ಟಿತು. ಅವನ ಜಾತಿಯವರಿಗೆ ತಿರುವಾಂಕೂರಿನ ದೇವಸ್ಥಾನದ ಬಾಗಿಲು ತೆರೆದದ್ದು 1936ರಲ್ಲಿ.

ಹೆಸರುಗಳಲ್ಲಿ ಬೈಗುಳವೂ ಇತ್ತು. ಆಫ್ರಿಕಾದ ಕರಿಯರನ್ನು ಹೀಯಾಳಿಸುವ ಪದದಿಂದ ಎಷ್ಟೋ ಗಿಡಗಳಿಗೆ 'ಕಾಫ್ರಾ' ಎಂದು ಇಟ್ಟಿದ್ದರು. 2024ರಲ್ಲಿ ಮ್ಯಾಡ್ರಿಡ್‌ನಲ್ಲಿ ಸಸ್ಯವಿಜ್ಞಾನಿಗಳು ಮತ ಹಾಕಿದರು. 351 ಪರ, 205 ವಿರೋಧ. ಇನ್ನು ಅದು 'ಆಫ್ರಾ', ಆಫ್ರಿಕಾದ್ದು. ಕಿತ್ತದ್ದು ಒಂದೇ ಅಕ್ಷರ. ಗಿಡಕ್ಕೆ ಅಂಟಿದ ಅವಮಾನವನ್ನು ಕೀಳಬಹುದಾದರೆ, ನಮ್ಮ ಜಾತಿಯ ಹೆಸರನ್ನೇ ಬೈಗುಳ ಮಾಡಿಕೊಂಡ ನಾಲಗೆಗಳನ್ನು ಯಾಕೆ ತಿದ್ದಬಾರದು?

ಅವ್ವ ಊರಿಗೆ ಹೋದಾಗ ಗದ್ದೆ ಬದುವಿನಿಂದ ಒಂದೆಲಗದ ಬೇರು ತಂದು ನೆಟ್ಟಳು. ಡಬ್ಬದ ಮೇಲೆ 'ಒಂದೆಲಗ' ಎಂದು ಬರೆದೆವು, ಕೆಳಗೆ ಲ್ಯಾಟಿನ್ ಹೆಸರು. 'ಎರಡೆರಡು ಹೆಸ್ರು ಯಾಕ್ರಪ್ಪಾ?' ಅಂದಳು. 'ಮೇಲಿಂದು ನಿಂದು ಕಣವ್ವಾ, ಕೆಳಗಿಂದು ಅಂಗಡಿಯವನಿಗೆ' ಅಂದೆವು.

ಆ ನೀರುಬ್ರಾಹ್ಮಿಯೂ ಪಕ್ಕದ ಡಬ್ಬದಲ್ಲೇ ಹಬ್ಬಿದೆ. ಗಿಡದ ಮೇಲೆ ನಮಗೇನು ಸಿಟ್ಟು?