ಕೆಟ್ಟ ಫೈಲು ಒಳಹೊಕ್ಕ ಸಂಜೆ

2025ರ ನವೆಂಬರ್ 18, ಮಂಗಳವಾರ. ನಮ್ಮ ಗಡಿಯಾರದಲ್ಲಿ ಸಂಜೆ 4.50. ಅನೇಕ ವೆಬ್‌ಸೈಟುಗಳ ಮುಂದೆ ನಿಂತು ಅವುಗಳ ಸಂಚಾರ ಸಾಗಿಸುವ ಕ್ಲೌಡ್‌ಫ್ಲೇರ್ ಕಂಪನಿಯ ಜಾಲ ಕುಸಿಯತೊಡಗಿತು. ಎಕ್ಸ್ ತೆರೆಯದು, ಚಾಟ್‌ಜಿಪಿಟಿ ತೆರೆಯದು. ಲಂಡನ್ನಿನಲ್ಲಿ ಕೂತವರಿಗೂ ಕಡೂರಿನಲ್ಲಿ ಮನೆಯಿಂದಲೇ ಬೆಂಗಳೂರಿನ ಕೆಲಸ ಮಾಡುವವರಿಗೂ ಪರದೆಯ ಮೇಲೆ ಕಂಡದ್ದು ಒಂದೇ: ಸರ್ವರ್ ದೋಷ.

5.01ಕ್ಕೆ ಸ್ವಯಂಚಾಲಿತ ಪರೀಕ್ಷೆ ಕೂಗಿತು. 5.05ಕ್ಕೆ ಎಂಜಿನಿಯರುಗಳು ತುರ್ತು ಕರೆಯಲ್ಲಿ ಸೇರಿದರು. ಅಲ್ಲಿಂದ ಶುರುವಾಯಿತು ಕಣ್ಣುಮುಚ್ಚಾಲೆ. ಜಾಲ ಬೀಳುತ್ತದೆ, ಏಳುತ್ತದೆ, ಮತ್ತೆ ಬೀಳುತ್ತದೆ. ಒಳಗಿನ ತಪ್ಪಾಗಿದ್ದರೆ ತಾನಾಗಿಯೇ ಸರಿಹೋಗುವುದುಂಟೇ? ಯಾರೋ ದಾಳಿ ಮಾಡುತ್ತಿದ್ದಾರೆ ಎಂಬ ಅನುಮಾನ ಬಲವಾಯಿತು. ಅದೇ ಹೊತ್ತಿಗೆ, ಬೇರೆ ಕಡೆ ಇಟ್ಟಿದ್ದ ಅವರ ಸ್ಥಿತಿಗತಿ ತಿಳಿಸುವ ಪುಟವೂ ಮಲಗಿತು. ಅದು ಬರೀ ಕಾಕತಾಳೀಯ. ಆದರೆ ಆ ಗಳಿಗೆಯಲ್ಲಿ ಹಾಗೆಂದು ನಂಬುವವರು ಯಾರು?

ಶತ್ರು ಹೊರಗಿರಲಿಲ್ಲ. 4.35ಕ್ಕೆ ಅವರದೇ ಡೇಟಾಬೇಸಿನಲ್ಲಿ ಅನುಮತಿಗಳ ಒಂದು ಬದಲಾವಣೆ ಆಗಿತ್ತು. ಬಾಟ್‌ಗಳನ್ನು ಗುರುತಿಸಲು ಬೇಕಾದ ಲಕ್ಷಣಗಳ ಪಟ್ಟಿ ಅಲ್ಲಿಂದಲೇ ಐದೈದು ನಿಮಿಷಕ್ಕೊಮ್ಮೆ ಫೈಲಾಗಿ ಹೊರಟು ಜಗತ್ತಿನಾದ್ಯಂತ ಇರುವ ಸರ್ವರುಗಳಿಗೆ ಹೋಗುತ್ತಿತ್ತು. ಬದಲಾವಣೆಯ ನಂತರ ಪಟ್ಟಿಯಲ್ಲಿ ಒಂದೇ ಸಾಲು ಮತ್ತೆ ಮತ್ತೆ ಬರತೊಡಗಿತು, ಫೈಲು ಇಮ್ಮಡಿಗೂ ಮೀರಿ ಉಬ್ಬಿತು. ಡೇಟಾಬೇಸಿನ ಯಂತ್ರಗಳು ಒಂದೊಂದಾಗಿ ಬದಲಾಗುತ್ತಿದ್ದುದರಿಂದ ಒಮ್ಮೆ ಒಳ್ಳೆಯ ಫೈಲು, ಇನ್ನೊಮ್ಮೆ ಕೆಟ್ಟದ್ದು. ಬಿದ್ದು ಏಳುವ ಆಟದ ಗುಟ್ಟು ಇಷ್ಟೇ. ಕೊನೆಗೆ ಎಲ್ಲ ಯಂತ್ರಗಳೂ ಬದಲಾದವು. ಜಾಲ ಏಳುವುದನ್ನೇ ನಿಲ್ಲಿಸಿತು.

ಸಾವು ತಂದ ಜಾಗವನ್ನು ಹತ್ತಿರದಿಂದ ನೋಡಬೇಕು. ಆ ಪಟ್ಟಿಯಲ್ಲಿ ಸಾಮಾನ್ಯವಾಗಿ ಇರುತ್ತಿದ್ದುದು ಸುಮಾರು 60 ಲಕ್ಷಣಗಳು. ಪ್ರೋಗ್ರಾಮು ಮೆಮೊರಿ ಕಾದಿರಿಸಿದ್ದು 200ಕ್ಕೆ. ಉಬ್ಬಿದ ಫೈಲು 200 ದಾಟಿತು. ಫೈಲು ಓದುವ ಕೋಡು ತನ್ನ ಕರ್ತವ್ಯ ಮಾಡಿತು: ಇದು ಮಿತಿ ಮೀರಿದೆ ಎಂದು ದೋಷವನ್ನು ಹಿಂದಿರುಗಿಸಿತು. ಅದನ್ನು ಕರೆದ ಕೋಡು ಮಾತ್ರ ಉತ್ತರ ನೋಡಲೇ ಇಲ್ಲ. ರಸ್ಟ್ ಭಾಷೆಯಲ್ಲಿ 'ಅನ್‌ರ‍್ಯಾಪ್' ಎಂಬ ಒಂದು ಕರೆಯಿದೆ. ಫಲಿತಾಂಶ ಸರಿಯಾಗಿಯೇ ಇರುತ್ತದೆ ಎಂಬ ಭರವಸೆಯಿಂದ ಅದನ್ನು ಬಿಚ್ಚುತ್ತದೆ. ಒಳಗೆ ದೋಷವಿದ್ದರೆ ಪ್ರೋಗ್ರಾಮು ಅಲ್ಲೇ ಪ್ರಾಣ ಬಿಡುತ್ತದೆ. ಬಿಟ್ಟಿತು.

ಹೋರಾಟ ಮುಂದುವರಿಯಿತು. 6.35ಕ್ಕೆ ಕೆಲವು ಸೇವೆಗಳನ್ನು ಬಳಸುದಾರಿಗೆ ತಿರುಗಿಸಿದ್ದರಿಂದ ಹೊಡೆತ ತುಸು ತಗ್ಗಿತು. 7.07ರ ಹೊತ್ತಿಗೆ ಎಲ್ಲರ ಕಣ್ಣೂ ಆ ಫೈಲಿನ ಮೇಲೆ. 7.54ಕ್ಕೆ ಹೊಸ ಫೈಲು ಹುಟ್ಟುವುದನ್ನೇ ತಡೆದರು. ಹಿಂದಿನ ಒಳ್ಳೆಯ ಫೈಲನ್ನು ಕೈಯಾರೆ ಇಟ್ಟು, ಸಂಚಾರ ಸಾಗಿಸುವ ಆ ಪ್ರೋಗ್ರಾಮನ್ನು, ಅಂದರೆ ಪ್ರಾಕ್ಸಿಯನ್ನು, ಮತ್ತೆ ಎಬ್ಬಿಸಿದರು. ರಾತ್ರಿ 8ಕ್ಕೆ ಜಾಲ ಬಹುಮಟ್ಟಿಗೆ ಉಸಿರಾಡಿತು. ಪೂರ್ತಿ ಚೇತರಿಸಿಕೊಂಡಾಗ 10.36.

ಮೂರು ತಾಸು ಹೆಣಗಿ ಮನುಷ್ಯರು ಮಾಡಿದ್ದೇನು? ಕೆಟ್ಟದ್ದನ್ನು ತಳ್ಳಿ ಹಳೆಯ ಒಳ್ಳೆಯದನ್ನು ಹಿಡಿದರು. ಕೋಡೇ ಆ ಕ್ಷಣದಲ್ಲಿ ಮಾಡಬಹುದಾಗಿದ್ದ ಕೆಲಸವದು. ನನ್ನನ್ನು ಕಾಡುವುದೇ ಇದು.

ಕೆಟ್ಟದ್ದನ್ನು ತಡೆದು ಉಳಿದದ್ದನ್ನು ನಡೆಸುವುದು ಕಾಣದ ವಿದ್ಯೆಯೇನಲ್ಲ. ಕಡೂರು ದಾಟಿ ಬೀರೂರಿಗೆ ಬಂದ ರೈಲು ಹಳಿ ಅಲ್ಲಿ ಎರಡಾಗುತ್ತದೆ: ಒಂದು ತರೀಕೆರೆಯ ಕಡೆಗೆ, ಇನ್ನೊಂದು ಅಜ್ಜಂಪುರದ ಕಡೆಗೆ. ಹಳಿ ತಿರುಗಿಸುವ ಪಾಯಿಂಟು ಸರಿಯಾಗಿ ಕೂತು ಬೀಗ ಬಿದ್ದದ್ದು ಖಚಿತವಾಗುವವರೆಗೆ ಸಿಗ್ನಲ್ ಹಸಿರಾಗುವುದಿಲ್ಲ. ಕೂರದಿದ್ದರೆ ಆ ಒಂದು ದಾರಿಗೆ ಕೆಂಪು. ಅದಕ್ಕಾಗಿ ಇಡೀ ಸ್ಟೇಷನ್ನು ಕುಸಿದು ಬೀಳುವುದಿಲ್ಲ. ಎನ್‌ಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಕೂಡ ಹೀಗೇ ನಡೆದುಕೊಳ್ಳುತ್ತದೆ. ಓಡುತ್ತಿರುವಾಗ ಕೆಟ್ಟ ಕಾನ್ಫಿಗರೇಶನ್ ಕೊಟ್ಟು ಮರುಓದಲು ಹೇಳಿದರೆ ದೋಷವನ್ನು ಲಾಗ್‌ನಲ್ಲಿ ಬರೆದು, ಹಳೆಯದರಲ್ಲೇ ಮುಂದುವರಿಯುತ್ತದೆ.

ಜಾಲದ ಕೆಲಸಕ್ಕೆ ಇತರರು ಬಳಸುವ ಕೋಡಿನ ಲೈಬ್ರರಿ ಬರೆಯುವವರಿಗೆ ಇಂಥ ಅಪಾಯ ಬರುವುದು ಬಹಳ ಸಾಧಾರಣ ವೇಷದಲ್ಲಿ. ಪೋರ್ಟ್ ಸಂಖ್ಯೆ 65535ರ ಆಚೆ ಇಲ್ಲ, ಯಾರೋ 70000 ಬರೆಯುತ್ತಾರೆ. ಐಪಿವಿ4 ವಿಳಾಸದ ಒಂದು ಭಾಗ 255 ಮೀರುವಂತಿಲ್ಲ, 300 ಬರುತ್ತದೆ. ಲೈಬ್ರರಿ ಅದನ್ನು ಸುಮ್ಮನೆ ನುಂಗಿ ಬೇರೇನೋ ಸಂಖ್ಯೆ ಊಹಿಸಿಕೊಂಡರೆ, ಸಾಯುವುದಕ್ಕಿಂತಲೂ ಅದು ಕೆಟ್ಟದ್ದು ಎಂಬುದು ನನ್ನ ಖಚಿತ ಅಭಿಪ್ರಾಯ. ತಪ್ಪು ಬಾಗಿಲು ತೆರೆದಿದ್ದೂ ಯಾರಿಗೂ ಗೊತ್ತಾಗುವುದಿಲ್ಲ. ಇಡೀ ಫೈಲನ್ನು ಮೊದಲು ಓದಿ, ಪರಿಶೀಲಿಸಿ, ಎಲ್ಲವೂ ಸರಿಯಿದ್ದರೆ ಮಾತ್ರ ಒಂದೇ ಏಟಿಗೆ ಹಳೆಯದರ ಜಾಗದಲ್ಲಿ ಕೂರಿಸಬೇಕು. ಅರ್ಧ ಹೊಸದು ಅರ್ಧ ಹಳೆಯದು ಆಗಕೂಡದು. ಎಷ್ಟನೇ ಸಾಲು, ಯಾವ ಮೌಲ್ಯ, ಎಲ್ಲಿಯವರೆಗೆ ಮಿತಿ ಎಂದು ಸಂದೇಶ ಬಿಡಿಸಿ ಹೇಳಬೇಕು. ನಡುರಾತ್ರಿ ಅದನ್ನು ಓದುವವರ ಕೈ ನಡುಗುತ್ತಿರುತ್ತದೆ.

ಅದೇ ವರ್ಷದ ಡಿಸೆಂಬರ್ 5ರಂದು ಕ್ಲೌಡ್‌ಫ್ಲೇರ್ ಮತ್ತೆ ಎಡವಿತು. ಕಾನ್ಫಿಗರೇಶನ್ನಿನ ಇನ್ನೊಂದು ಬದಲಾವಣೆ ಹಳೆಯ ಲುವಾ ಕೋಡಿನಲ್ಲಿ ವರ್ಷಗಟ್ಟಲೆ ಅಡಗಿದ್ದ ದೋಷವನ್ನು ಮುಟ್ಟಿತು: ಇಲ್ಲದ ವಸ್ತುವನ್ನು ಇದೆಯೆಂದುಕೊಂಡು ಕೈಹಾಕಿತು. ಸುಮಾರು 25 ನಿಮಿಷ ಅವರ ಎಚ್‌ಟಿಟಿಪಿ ಸಂಚಾರದ ಶೇ. 28ರಷ್ಟಕ್ಕೆ ಪೆಟ್ಟು ಬಿತ್ತು.

ನವೆಂಬರಿನ ಘಟನೆಯ ನಂತರ ಕಂಪನಿ ಬಹಿರಂಗವಾಗಿ ಕೈಗೊಂಡ ತೀರ್ಮಾನಗಳಲ್ಲಿ ಮೊದಲನೆಯದು, ತಾನೇ ತಯಾರಿಸಿದ ಕಾನ್ಫಿಗರೇಶನ್ ಫೈಲನ್ನೂ ಹೊರಗಿನ ಬಳಕೆದಾರ ಕೊಟ್ಟದ್ದೆಂಬಂತೆ ತಪಾಸಣೆ ಮಾಡಿಯೇ ಒಳಗೆ ಬಿಡುವುದು. ಕಡೂರಿನಲ್ಲೋ ತರೀಕೆರೆಯಲ್ಲೋ ಕೂತು ಇಂಥ ಕೋಡು ಬರೆಯುತ್ತಿರುವ ಗೆಳೆಯರೇ, ನಿಮ್ಮ ಲೈಬ್ರರಿಯನ್ನು ಜಗತ್ತಿಗೆ ಬಿಡುವ ಮೊದಲು ಖಾಲಿ ಫೈಲು, ಅರ್ಧ ಹರಿದ ಫೈಲು, ಮಿತಿಗಿಂತ ಒಂದು ಸಾಲು ಹೆಚ್ಚಿರುವ ಫೈಲು, ಈ ಮೂರನ್ನೂ ನೀವೇ ಅದಕ್ಕೆ ತಿನ್ನಿಸಿ ನೋಡಿ.